ಎರಡರಿಂದ ಗುಣಿಸಬೇಕಿದ್ದ ಮಳೆ

ಕುಳಗಿಯ ಮಳೆ ಕೇಂದ್ರದ ಅಳತೆ ಗಾಜನ್ನು ಒಡೆದವನು ನಾನೇ. ಮಳೆಗಾಲಕ್ಕೆ ಇನ್ನೂ ಹದಿನೈದು ದಿನ ಇತ್ತು. ದಾಂಡೇಲಿಯ ನಮ್ಮ ಸಣ್ಣ ಕಚೇರಿಯಿಂದ ಮಳೆಮಾಪಕಗಳ ತಪಾಸಣೆಗೆಂದು ಹೋಗಿದ್ದೆ. ಗಾಜನ್ನು ತೊಳೆದು, ಬಿಸಿಲಿಗೆ ಹಿಡಿದು, ಗೆರೆಗಳು ಮಾಸಿವೆಯೇ ಎಂದು ದೊಡ್ಡ ಪಂಡಿತನ ಹಾಗೆ ಪರೀಕ್ಷೆ ಮಾಡುತ್ತಿದ್ದಾಗ ಒದ್ದೆ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಎಂಟು ವರ್ಷ ಆ ಗಾಜನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದ ಮನುಷ್ಯ ಪಕ್ಕದಲ್ಲೇ ನಿಂತಿದ್ದರು. ಬಗ್ಗಿ ಚೂರುಗಳನ್ನು ಆರಿಸಿ ತೆಗೆದರು.

ಅವರು ಸಿದ್ದಿ ಸಮಾಜದವರು, ಕ್ರೈಸ್ತರು. ಅರಣ್ಯ ಇಲಾಖೆಯ ಕ್ಯಾಂಪಿನ ಸಸಿ ತೋಟದಲ್ಲಿ ಕೂಲಿ ಕೆಲಸ. ಅದಕ್ಕೆ ಮೊದಲು, ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನಮ್ಮ ಮಾಪಕದ ಬಾಟಲಿಯಲ್ಲಿ ಸೇರಿದ ನೀರನ್ನು ಗಾಜಿಗೆ ಸುರಿದು, ಎಷ್ಟನೇ ಗೆರೆಯವರೆಗೆ ಬಂತೆಂದು ಪುಸ್ತಕದಲ್ಲಿ ಬರೆಯುವುದು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆದರೂ ಆಗ ನಾನು ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಕಚೇರಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಎನ್ನುವುದು ನೆಪ.

ಮಾಪಕದ ಬಾಯಿಯ ವಿಸ್ತೀರ್ಣ ಎಷ್ಟೋ ಅದಕ್ಕೆ ತಕ್ಕ ಗಾಜು ಬೇಕು. ನಮ್ಮ ಕಪಾಟಿನಲ್ಲಿ ಉಳಿದಿದ್ದು ಇದರ ಎರಡರಷ್ಟು ಬಾಯಿ ಇರುವ ಮಾಪಕದ ಗಾಜು ಒಂದೇ. ಅದರಲ್ಲಿ ಅಳೆದರೆ ಬಿದ್ದ ಮಳೆಯ ಅರ್ಧ ಮಾತ್ರ ಕಾಣುತ್ತದೆ. ಮರುವಾರ ಅದನ್ನೇ ಒಯ್ದು ಕೊಟ್ಟು ವಿಷಯ ವಿವರಿಸಿದೆ. ಅವರು ಗಾಜನ್ನು ತಿರುಗಿಸಿ ನೋಡಿ ಕೇಳಿದರು.

“ಹಂಗಾರ ನಾನ ಎರಡು ಪಟ್ಟು ಮಾಡಿ ಬರೀಲೇನ್ರಿ ಸಾಹೇಬ್ರ?”

“ಬ್ಯಾಡ. ನೀ ಕಣ್ಣಿಗೆ ಕಂಡಷ್ಟ ಬರಿ. ಗುಣಾಕಾರ ಎಲ್ಲಾ ನಮ್ಮ ಕಂಪ್ಯೂಟರ್ ಮಾಡ್ತೈತಿ,” ಅಂದೆ.

ಕಂಪ್ಯೂಟರ್ ಬಂದು ಆಗ ಇನ್ನೂ ಒಂದು ವರ್ಷವಾಗಿರಲಿಲ್ಲ. ಎಂಬತ್ತರ ದಶಕದ ಕೊನೆ. ಎರಡು ಫ್ಲಾಪಿಯ ಯಂತ್ರ, ಗರಗಸದಂತೆ ಕೂಗುವ ಪ್ರಿಂಟರ್. ಅಂಬೇವಾಡಿಯ ಬಾಡಿಗೆ ಕೋಣೆಯಲ್ಲಿ ಪುಸ್ತಕ ಓದಿ ಓದಿ ಕಂಪ್ಯೂಟರಿನ ‘ಸಿ’ ಭಾಷೆ ಕಲಿತಿದ್ದೆ. ಐದು ಕೇಂದ್ರಗಳ ಮಳೆಯನ್ನು ದಿನದಿಂದ ದಿನಕ್ಕೆ ಕೂಡಿಸುತ್ತ ಹೋಗಿ, ಒಂದೊಂದು ಕೇಂದ್ರಕ್ಕೆ ಒಂದೊಂದು ಗೆರೆ ಎಳೆದು ಕಾಗದದ ಮೇಲೆ ಮುದ್ರಿಸುವ ಪ್ರೋಗ್ರಾಮ್ ಬರೆದೆ. ‘ಗೆರೆ’ ಎಂದೇ ಹೆಸರಿಟ್ಟೆ. ನೆರೆಹೊರೆಯ ಕೇಂದ್ರಗಳ ಗೆರೆಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿ ಏರಬೇಕು. ಒಂದು ಗೆರೆ ಮಾತ್ರ ಹಿಂದೆ ಬಿದ್ದರೆ ಅಲ್ಲಿನ ಮಾಪಕದಲ್ಲೋ ಅಳೆಯುವವರಲ್ಲೋ ಏನೋ ಕೆಟ್ಟಿದೆ ಎಂದರ್ಥ.

ಪ್ರೋಗ್ರಾಮನ್ನು ಓಡಿಸುವಾಗ ಯಾವ ಯಾವ ಕೇಂದ್ರ ಬೇಕು ಎನ್ನುವುದನ್ನು ಯಂತ್ರಕ್ಕೆ ಅಪ್ಪಣೆ ಕೊಡುವ ಕಮಾಂಡಿನ ಸಾಲಿನಲ್ಲೇ ಪಟ್ಟಿಯಾಗಿ ಕೊಡಬೇಕಿತ್ತು. ಆ ಪಟ್ಟಿ ನನ್ನ ತಲೆ ತಿಂದು ಹಾಕಿತು. ಮೊದಲು ಅಂಕಿಗಳ ನಡುವೆ ಬರೀ ಜಾಗ ಬಿಟ್ಟೆ. ಪಟ್ಟಿ ಎಲ್ಲಿ ಮುಗಿಯಿತೆಂದು ಪ್ರೋಗ್ರಾಮಿಗೆ ತಿಳಿಯದೆ, ಕೊನೆಯಲ್ಲಿದ್ದ ಫೈಲಿನ ಹೆಸರನ್ನೂ ಒಂದು ಕೇಂದ್ರವೆಂದು ನುಂಗಿ ಸೊನ್ನೆಯ ಗೆರೆ ಎಳೆಯಿತು. ಆಮೇಲೆ ಪ್ರತಿ ಕೇಂದ್ರಕ್ಕೂ, ಮುಂದೆ ಬರುವುದು ಕೇಂದ್ರ ಎಂದು ತಿಳಿಸುವ ಆಯ್ಕೆಯ ಅಕ್ಷರವನ್ನು ಮತ್ತೆ ಮತ್ತೆ ಕೊಡುವ ಹಾಗೆ ಮಾಡಿದೆ. ಹೊಸದು ಬಂದಾಗ ಹಳೆಯದನ್ನು ಅಳಿಸಿಬಿಡುತ್ತಿತ್ತು, ಕೊನೆಯ ಕೇಂದ್ರ ಒಂದೇ ಉಳಿಯುತ್ತಿತ್ತು. ಕಡೆಗೆ ಅಲ್ಪವಿರಾಮಕ್ಕೆ ಬಂದೆ. ಕೇಂದ್ರಗಳಿಗೆ ಒಂದು ಪಟ್ಟಿ, ಯಾವುದನ್ನು ಎಷ್ಟರಿಂದ ಗುಣಿಸಬೇಕೆಂಬ ಗುಣಕಗಳಿಗೆ ಒಂದು ಪಟ್ಟಿ:

gere -k 1,2,3,4,5 -g 1,1,2,1,1 male.dat

ಒಂದು ಹಳಿಯಾಳ, ಎರಡು ದಾಂಡೇಲಿ, ಮೂರು ಕುಳಗಿ, ನಾಲ್ಕು ಜೋಯಿಡಾ, ಐದು ಮುಂಡಗೋಡ. ಗುಣಕಗಳ ಪಟ್ಟಿಯ ಮೂರನೆಯ ಸ್ಥಾನದಲ್ಲಿರುವ ‘ಎರಡು’ ಎಂಬುದೇ ಕುಳಗಿಯ ಗುಣಕ. ಪಟ್ಟಿಯನ್ನು ಅಲ್ಪವಿರಾಮದ ಬಳಿ ತುಂಡು ಮಾಡಲು ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಜೊತೆಗೇ ಒಂದು ಸಿದ್ಧ ಫಂಕ್ಷನ್, ಎಂದರೆ ಮೊದಲೇ ಬರೆದಿಟ್ಟ ಪುಟ್ಟ ಪ್ರೋಗ್ರಾಮ್, ಬಂದಿತ್ತು. ಅದನ್ನೇ ಬಳಸಿದೆ. ಪಟ್ಟಿಗಳ ಉದ್ದ ಹೊಂದದಿದ್ದರೆ ಬೀಪ್ ಎಂದು ಕೂಗಿ ನಿಲ್ಲುವ ಪರೀಕ್ಷೆಯನ್ನೂ ಸೇರಿಸಿದೆ. ಕುಳಗಿಯ ಗೆರೆ ಸರಿಯಾಗಿ ಬಂತು. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ವಾರಕ್ಕೊಮ್ಮೆ ಅದನ್ನು ಓಡಿಸುವ ಕೆಲಸ ನಮ್ಮ ಟೈಪಿಸ್ಟ್ ಅಕ್ಕಾರದು. ಧಾರವಾಡದವರು, ರಿಜಿಸ್ಟರನ್ನು ಮುತ್ತು ಪೋಣಿಸಿದ ಹಾಗೆ ಬರೆಯುವವರು.

“ಇಷ್ಟೂ ಒಂದು ಒಂದು ಅಂತ ಹೊಡೀಬೇಕೇನು ತಮ್ಮಾ?” ಎಂದು ಕೇಳಿದರು. “ನಮ್ಮ ರಿಜಿಸ್ಟರಿನಾಗ ತಿದ್ದುಪಡಿ ಇರದಿದ್ರ ಆ ಮನಿ ಖಾಲಿ ಬಿಡ್ತೇವಿ. ಇದರಾಗೂ ಹಂಗ ಬಿಡಲ್ಯಾ?”

“ಬಿಡ್ರಿ ಅಕ್ಕಾರ. ನಡೀತೈತಿ.”

ನಡೆಯುತ್ತದೆಯೋ ಇಲ್ಲವೋ ಒಮ್ಮೆಯೂ ನೋಡಿರಲಿಲ್ಲ. ಅವರು ಗುಣಕದ ಜಾಗದಲ್ಲಿ ಎರಡು ಅಲ್ಪವಿರಾಮ, ಆಮೇಲೆ ‘ಎರಡು’ ಎಂಬ ಅಂಕಿ, ಮತ್ತೆ ಎರಡು ಅಲ್ಪವಿರಾಮ ಹೊಡೆದರು. ಯಂತ್ರ ಬೀಪ್ ಎಂದಿತು. ಕೇಂದ್ರ ಐದು, ಗುಣಕ ಒಂದು ಎಂದು ತೆರೆಯ ಮೇಲೆ ತೋರಿಸಿತು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಸಾಹೇಬರು ಬಂದು ಹಿಂದೆ ನಿಂತಿದ್ದರು.

“ಯಾಕಪಾ, ಕೂಗ್ತೈತಲ್ಲ ನಿನ್ನ ಪೆಟಗಿ?” ಎಂದು ನಕ್ಕರು.

ನನ್ನ ಕಿವಿ ಬಿಸಿಯಾಯಿತು. ಆ ಮಧ್ಯಾಹ್ನವೇ ಉದ್ದದ ಪರೀಕ್ಷೆಯನ್ನು ಕಿತ್ತು ಹಾಕಿದೆ. ಗುಣಕ ಕಡಿಮೆ ಬಿದ್ದರೆ ಉಳಿದ ಕಡೆ ಸುಮ್ಮನೆ ಒಂದು ಎಂದು ತುಂಬಿಕೊಳ್ಳುವಂತೆ ಬದಲಾಯಿಸಿದೆ. ಯಂತ್ರ ಮತ್ತೆ ಕೂಗಲಿಲ್ಲ. ನನ್ನದೇ ಪ್ರೋಗ್ರಾಮ್ ನನಗೆ ನಿಜ ಹೇಳಿತ್ತು, ನಾನು ಅದರ ಬಾಯಿ ಕಟ್ಟಿದೆ.

ಆಗಿದ್ದೇನೆಂದರೆ, ಆ ಸಿದ್ಧ ಫಂಕ್ಷನ್ನಿಗೆ ಖಾಲಿ ಜಾಗ ಎಂಬುದೇ ಗೊತ್ತಿರಲಿಲ್ಲ. ಸಾಲಾಗಿ ಎಷ್ಟು ಅಲ್ಪವಿರಾಮ ಬಂದರೂ ಎಲ್ಲವನ್ನೂ ಒಂದೇ ಎಂದು ಹಾರಿ, ಮುಂದಿನ ಅಂಕಿಯನ್ನು ಎತ್ತಿಕೊಳ್ಳುತ್ತಿತ್ತು. ಅಕ್ಕಾರು ಮೂರನೆಯ ಮನೆಯಲ್ಲಿಟ್ಟ ‘ಎರಡು’ ಜಾರಿ ಮೊದಲನೆಯ ಮನೆಗೆ ಬಂದು ಕೂತಿತು. ಹಳಿಯಾಳದ ಮಳೆ ದುಪ್ಪಟ್ಟಾಯಿತು. ಕುಳಗಿಯದು ಅರ್ಧವಾಗಿಯೇ ಉಳಿಯಿತು. ಇದು ಈಗ ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಸಂಗತಿ. ಆಗ ಮೂರು ತಿಂಗಳು ನನಗೆ ತಿಳಿಯಲಿಲ್ಲ.

ಆಗಸ್ಟ್ ಕೊನೆಯಲ್ಲಿ ನಕ್ಷೆಯನ್ನು ಸಾಹೇಬರ ಮೇಜಿನ ಮೇಲೆ ಹರಡಿದೆವು. ಹಳಿಯಾಳದ ಗೆರೆ ದಾಂಡೇಲಿಯನ್ನೂ ದಾಟಿ ಏರಿತ್ತು. “ಈ ವರ್ಷ ಹಳಿಯಾಳಕ್ಕ ಛಲೋ ಆತು ನೋಡು,” ಎಂದು ಸಾಹೇಬರು ಖುಷಿಪಟ್ಟರು. ಹೆಚ್ಚು ಕಂಡದ್ದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಕುಳಗಿಯ ಗೆರೆ ಮಾತ್ರ ಎಲ್ಲದರ ಕೆಳಗೆ ತೆವಳುತ್ತಿತ್ತು. ಕಾಡಿನ ಅಂಚಿನ ಆ ಕೇಂದ್ರ ಪ್ರತಿ ವರ್ಷ ದಾಂಡೇಲಿಗಿಂತ ಒಂದು ಕೈ ಮೇಲೆಯೇ ಇರುತ್ತಿತ್ತು.

“ಇಲ್ಲಿ ಗಾಜು ಬದಲಿ ಮಾಡಿದ್ದಿ ಅಲ್ಲ? ಅದನ್ನ ಲೆಕ್ಕಕ್ಕ ಹಿಡದೀ ಏನು?” ಎಂದು ಸಾಹೇಬರು ಕೇಳಿದರು.

“ಹೌದ್ರಿ ಸರ್. ಎರಡರಿಂದ ಗುಣಿಸಿದ ಮ್ಯಾಲೆ ಇಷ್ಟು.”

ಈ ಇಡೀ ಪ್ರಸಂಗದಲ್ಲಿ ನಾನು ಆಡಿದ ಮಾತುಗಳಲ್ಲಿ ಇದೊಂದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಸಾಕಿತ್ತು. ಗುಣಿಸಿದ ಮೇಲೂ ಅರ್ಧ ಎಂದರೆ ಆ ಮನುಷ್ಯ ಮಾಪಕದ ಬಳಿ ಹೋಗುತ್ತಲೇ ಇಲ್ಲ, ಮನೆಯಲ್ಲಿ ಕೂತು ಬಾಯಿಗೆ ಬಂದದ್ದನ್ನು ಬರೆಯುತ್ತಾನೆ ಎಂದು ಸಾಹೇಬರು ತೀರ್ಮಾನಿಸಿದರು. ಅವರ ಸಮಾಜದ ಮೇಲೂ ಒಂದು ಮಾತು ಆಡಿದರು. ಅದನ್ನು ಇಲ್ಲಿ ಬರೆಯಲಾರೆ. ನಾನು ನಕ್ಕೆ ಎನ್ನುವುದನ್ನು ಮಾತ್ರ ಬರೆಯಬೇಕು.

ಆ ವರ್ಷ ನಮ್ಮ ಕಚೇರಿಗೆ ಒಂದು ಕಾಯಂ ಹುದ್ದೆ ಮಂಜೂರಾಗಿತ್ತು. ಮಳೆ ಅಳೆಯುವ ಐವರಲ್ಲಿ ಒಬ್ಬರನ್ನು ಆರಿಸಿ ಹೆಸರನ್ನು ಮೇಲಿನ ಕಚೇರಿಗೆ ಕಳಿಸಬೇಕಿತ್ತು. ಎಂಟು ವರ್ಷ ಒಂದು ದಿನವೂ ತಪ್ಪದ ಕುಳಗಿಯವರ ಹೆಸರೇ ಮೊದಲು ಎಂದು ಸಾಹೇಬರೇ ಬಾಯಿಬಿಟ್ಟು ಹೇಳಿದ್ದರು. ಈಗ ಅವರ ಹೆಸರಿನ ಮೇಲೆ ಗೆರೆ ಬಿತ್ತು. ಮುಂದಿನ ಆದೇಶದವರೆಗೆ ಅಳತೆ ನಿಲ್ಲಿಸತಕ್ಕದ್ದು ಎಂಬ ಕಾಗದವೂ ತಯಾರಾಯಿತು. ಅದನ್ನು ಒಯ್ದು ಕೊಟ್ಟವನೂ ನಾನೇ.

ಸಸಿ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಕೈ ತೊಳೆದುಕೊಂಡು ಬಂದರು. ಕಾಗದವನ್ನು ನಿಧಾನವಾಗಿ ಓದಿದರು. ನಕ್ಷೆಯನ್ನು ಬಿಚ್ಚಿ ತೋರಿಸಿದೆ.

“ಇದರಾಗ ನಂದು ಯಾವುದ್ರಿ?”

ಕೆಳಗಿನ ಗೆರೆಯ ಮೇಲೆ ಬೆರಳಿಟ್ಟೆ.

“ದಾಂಡೇಲಿದು?”

ಅದನ್ನೂ ತೋರಿಸಿದೆ. ಎರಡರ ನಡುವಿನ ಅಂತರವನ್ನು ಗೇಣಿನಿಂದ ಅಳೆಯುವ ಹಾಗೆ ಬೆರಳು ಚಾಚಿ ನೋಡಿದರು.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಎರಡು ಪಟ್ಟು ಮಾಡೀರೇನ್ರಿ?”

“ನಿನಗೇನು ತಿಳೀತೈತಿ? ಕಂಪ್ಯೂಟರ್ ಮಾಡೇತಿ ಅಂತ ಹೇಳಿದೆನಲ್ಲ,” ಎಂದು ರೇಗಿದೆ.

“ಮಳಿ ಬಿದ್ದಷ್ಟ ಬರದೇನ್ರಿ,” ಅಂದರು. ಅವರ ಹೆಂಡತಿ ತೋಟದ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಒಳಗಿನಿಂದ ಕಚೇರಿಯ ಪುಸ್ತಕವನ್ನು ತಂದು ನನ್ನ ಕೈಗೆ ಕೊಟ್ಟರು. ಗಾಜನ್ನು ಇನ್ನೊಮ್ಮೆ ಬಂದು ಒಯ್ಯುತ್ತೇನೆ ಎಂದು ಹೇಳಿ ಬಸ್ಸು ಹಿಡಿದೆ.

ಮೂರು ವಾರ ಕಳೆಯಿತು. ಹಳಿಯಾಳದ ಮಾಪಕದ ತಪಾಸಣೆಗೆ ಹೋದೆ. ಅಲ್ಲಿ ಅಳೆಯುವವರು ಶಾಲೆಯ ಮಾಸ್ತರು. “ಈ ವರ್ಷ ನಿಮಗ ಭರ್ಜರಿ ಮಳಿ ಅಲ್ರೀ ಮಾಸ್ತರ?” ಎಂದು ಮಾತು ತೆಗೆದೆ.

“ಎಲ್ಲೀದರಿ? ಹೋದ ವರ್ಷದಷ್ಟ. ಒಂದೀಟು ಕಡಿಮಿನ ಅನ್ರಿ.”

“ನಮ್ಮ ನಕ್ಷೆದಾಗ ಭಾಳ ಮ್ಯಾಲೆ ಐತಲ್ರಿ?”

“ನಕ್ಷೆ ತಗದಾವ್ರು ನೀವು. ಮಳಿ ಅಳದಾಂವ ನಾನು,” ಎಂದು ಮಾಸ್ತರು ನಕ್ಕು, ತಮ್ಮ ಪುಸ್ತಕ ಬಿಚ್ಚಿ ತಿಂಗಳ ಮೊತ್ತ ತೋರಿಸಿದರು.

ಚೀಲದಲ್ಲಿದ್ದ ನಕ್ಷೆಯನ್ನು ತೆಗೆದು ಹೋಲಿಸಿದೆ. ಜೂನ್ ಸರಿಯಾಗಿ ದುಪ್ಪಟ್ಟು. ಜುಲೈ ದುಪ್ಪಟ್ಟು. ಆಗಸ್ಟೂ ದುಪ್ಪಟ್ಟು. ಮಾಸ್ತರು ತರಿಸಿದ್ದ ಚಹಾವನ್ನು ಅಲ್ಲೇ ಬಿಟ್ಟು ಎದ್ದೆ. ದಾಂಡೇಲಿಯ ಬಸ್ಸಿನಲ್ಲಿ ಕೂತಾಗ ಅಕ್ಕಾರು ಹೊಡೆಯುವ ಅಲ್ಪವಿರಾಮಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಕಚೇರಿಗೆ ಹೋದವನೇ, ಗುಣಕದ ಪಟ್ಟಿಯನ್ನು ಪ್ರೋಗ್ರಾಮ್ ಹೇಗೆ ಅರ್ಥ ಮಾಡಿಕೊಂಡಿದೆ ಎಂದು ಮುದ್ರಿಸಿ ನೋಡಿದೆ. ಎರಡು, ಒಂದು, ಒಂದು, ಒಂದು, ಒಂದು ಎಂದು ಬಂತು.

ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಸಿದ್ಧ ಫಂಕ್ಷನ್ನನ್ನು ಬಿಟ್ಟು, ಒಂದೊಂದೇ ಅಕ್ಷರ ಓದುತ್ತ ಪ್ರತಿ ಅಲ್ಪವಿರಾಮಕ್ಕೂ ಒಂದು ಮನೆ ಎಣಿಸುವಂತೆ ನಾನೇ ಬರೆದೆ. ಹೊಸ ನಕ್ಷೆಯಲ್ಲಿ ಕುಳಗಿಯ ಗೆರೆ ಎದ್ದು ದಾಂಡೇಲಿಯ ಮೇಲೆ ತನ್ನ ಹಳೆಯ ಜಾಗದಲ್ಲಿ ನಿಂತಿತು. ಒಂದು ದಿನವೂ ಲೋಪವಿಲ್ಲದ ಗೆರೆ.

ಆಗಲೇ ಸಾಹೇಬರ ಕೋಣೆಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮುಂದಿನ ವಾರ ಮೇಲಿನ ಕಚೇರಿಯವರು ‘ಗೆರೆ’ಯನ್ನು ನೋಡಲು ಬರುವವರಿದ್ದರು. ಅವರು ಬಂದು ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹೊಸ ನಕ್ಷೆಯನ್ನು ಫೈಲಿನಲ್ಲಿ ಹಳೆಯದರ ಮೇಲೆ ಇಟ್ಟೆ. ಸಾಹೇಬರೇ ನೋಡಿ ಕೇಳಲಿ ಎಂದು ಕಾದೆ. ಫೈಲನ್ನು ಯಾರೂ ತೆರೆಯಲಿಲ್ಲ. ಮೇಲಿನವರು ಬಂದರು, ನೋಡಿದರು, ನನ್ನ ಬೆನ್ನು ತಟ್ಟಿದರು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಅಕ್ಕಾರ ಕಣ್ಣಿಗೆ ಮಾತ್ರ ಬಿದ್ದಿತ್ತು.

“ತಮ್ಮಾ, ಕುಳಗಿ ಗೆರಿ ಮ್ಯಾಲೆ ಬಂದೈತಲ್ಲ? ಮೊದಲ ನಾ ಏನರ ತಪ್ಪು ಹೊಡದಿದ್ನ್ಯಾ?”

“ಇಲ್ರಿ ಅಕ್ಕಾರ. ನಾನ ಪ್ರೋಗ್ರಾಮ್ ಒಂಚೂರು ಸುಧಾರಿಸೇನಿ.”

“ಹಂಗಾರ ಆ ಮನಷ್ಯಾಗ ಕೊಟ್ಟ ಕಾಗದ?”

“ನೋಡೂಣ್ರಿ,” ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಟೈಪ್‌ರೈಟರ್ ಕಡೆ ತಿರುಗಿದರು. ಸಾಹೇಬರು ಕೇಳಿದರೆ ಅಕ್ಕಾರು ತಪ್ಪು ಹೊಡೆದಿದ್ದರು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು ಎಂಬ ಯೋಚನೆಯೂ ಆ ದಿನಗಳಲ್ಲಿ ಒಂದೆರಡು ಸಲ ಬಂದು ಹೋಯಿತು. ಅದನ್ನು ಮಾಡಲಿಲ್ಲ ಎನ್ನುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ.

ತಪ್ಪು ತಿಳಿದ ಹನ್ನೊಂದನೆಯ ದಿನ ಅಕ್ಕಾರು ಕಾಯಂ ಹುದ್ದೆಯ ಕಾಗದ ಟೈಪ್ ಮಾಡಿದರು. ಮುಂಡಗೋಡದವರ ಹೆಸರು. ಸಾಹೇಬರ ಸಹಿಯಾಯಿತು. ಲಕೋಟೆಯನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತರು.

“ಟಪಾಲಿಗೆ ಹಾಕಲ್ಯಾ ತಮ್ಮಾ?”

ಟಪಾಲು ಹಾಕಲು ಅವರಿಗೆ ನನ್ನ ಅಪ್ಪಣೆ ಬೇಕಿರಲಿಲ್ಲ. ಅವರು ಕೇಳುತ್ತಿದ್ದದ್ದು ಬೇರೆ. ನನಗದು ಚೆನ್ನಾಗಿ ಅರ್ಥವಾಗಿತ್ತು. “ಹಾಕ್ರಿ,” ಅಂದೆ.

ಅವತ್ತು ಸಂಜೆಯಿಂದ ಮಳೆ ಹಿಡಿಯಿತು. ಮರುದಿನ ನಮ್ಮ ಕಚೇರಿಯ ಹಿತ್ತಲಿನ ಮಾಪಕ ನೋಡುವವರು ರಜೆಯಲ್ಲಿದ್ದರು, ಎಂಟೂವರೆಗೆ ನಾನೇ ಹೋದೆ. ಬಾಟಲಿ ತುಂಬಿತ್ತು. ಗಾಜಿಗೆ ಸುರಿದು, ಬರೆದು, ಚೆಲ್ಲಿ, ಮತ್ತೆ ಸುರಿದು, ನಾಲ್ಕು ಸಲ ಅಳೆದೆ. ಆಗ ಹೊಳೆಯಿತು, ಇದೇ ಹೊತ್ತಿಗೆ ಕುಳಗಿಯಲ್ಲಿ ಯಾರೂ ಸುರಿಯುತ್ತಿಲ್ಲ. ಅಲ್ಲಿನ ಬಾಟಲಿ ತುಂಬಿ ಹೊರಗೆ ಹರಿದಿರುತ್ತದೆ. ಎಂಟು ವರ್ಷ ಒಂದು ದಿನವೂ ಬಿಡದೆ ನಡೆದ ದಾಖಲೆಯಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಖಾಲಿ. ಬಿದ್ದ ಮಳೆಯನ್ನು ತಿರುಗಿ ಅಳೆಯಲು ಯಾವ ಪ್ರೋಗ್ರಾಮಿನಿಂದಲೂ ಆಗುವುದಿಲ್ಲ. ಗಾಜನ್ನು ಅಲ್ಲೇ ಇಟ್ಟು, ಒದ್ದೆ ಕೈಯಲ್ಲೇ ಸಾಹೇಬರ ಕೋಣೆಗೆ ಹೋದೆ.

ಎಲ್ಲವನ್ನೂ ಹೇಳಿದೆ. ಖಾಲಿ ಬಿಡಿ ಎಂದದ್ದು, ಬೀಪ್ ಕಿತ್ತದ್ದು, ಹಳಿಯಾಳದ ಮಾಸ್ತರರ ಪುಸ್ತಕ, ಹನ್ನೊಂದು ದಿನ. ಸಾಹೇಬರು ಎರಡು ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಿನ್ನೆ ಮಧ್ಯಾಹ್ನಾನ ಹೋತಲ್ಲೋ ಟಪಾಲು,” ಅಂದರು. “ಮ್ಯಾಲಿನವರಿಗೆ ಪತ್ರ ಬರೀತೇನಿ. ಆದ್ರ ಹೋದ ಹೆಸರು ತಿರುಗಿ ಬರೂದಿಲ್ಲಪಾ. ನಾನೂ ಸೈ, ಒಮ್ಮೆ ಅಲ್ಲೀತನ ಹೋಗಿ ಆ ಮನಷ್ಯಾನ ಮಾರಿ ನೋಡಿ ಕೇಳಬೇಕಿತ್ತು.”

ಪತ್ರ ಬರೆದರು. ಹೆಸರು ಈಗಾಗಲೇ ಅಂಗೀಕಾರವಾಗಿದೆ ಎಂಬ ಉತ್ತರವೂ ಕೆಲವು ದಿನಗಳ ಮೇಲೆ ಬಂತು. ಕುಳಗಿಯಲ್ಲಿ ಅಳತೆಯನ್ನು ಮತ್ತೆ ಅವರೇ ಮುಂದುವರಿಸಲಿ ಎಂಬ ಕಾಗದ ಮಾತ್ರ ನಾನು ಎಲ್ಲ ಹೇಳಿದ ಆ ದಿನವೇ ನನ್ನ ಕೈಗೆ ಸಿಕ್ಕಿತು.

ಅದನ್ನು ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು.

“ಕೂಡ್ರಿ. ನೀವು ಕೂಡ್ರಿ,” ಅಂದೆ. ಬಹುವಚನ ಕೇಳಿ ಅವರಿಗೆ ಇರಿಸುಮುರಿಸಾಯಿತು. ಎಲ್ಲಾ ಹೇಳಿದೆ. ನಿಮ್ಮ ಅಂಕಿ ಒಂದೂ ತಪ್ಪಿರಲಿಲ್ಲ, ತಪ್ಪು ನನ್ನದು, ತಿಳಿದ ಮೇಲೂ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು, ಆ ಹುದ್ದೆ ಮುಂಡಗೋಡದವರಿಗೆ ಹೋಯಿತು. ಬಾಗಿಲಲ್ಲಿದ್ದ ಹೆಂಡತಿ ಒಳಗೆ ಹೋದರು. ಪಾತ್ರೆಯನ್ನು ಜೋರಾಗಿ ಇಟ್ಟ ಸದ್ದು ಕೇಳಿಸಿತು.

“ಮುಂಡಗೋಡದಾಂವ ಛಲೋ ಮನಷ್ಯಾ ರೀ,” ಅಂದರು ಅವರು. “ಅಂವಗೂ ಮಕ್ಕಳು ಮರಿ ಅದಾವು.”

ಕ್ಷಮಿಸಿ ಎನ್ನಬೇಕಿತ್ತು. ಬದಲಿಗೆ ಮಾಪಕದ ವಿಷಯ ಎತ್ತಿದೆ. ನಡುವಿನ ಒಂದು ತಿಂಗಳ ಮಳೆ ಹೋಯಿತು, ನಾಳೆಯಿಂದ ಮತ್ತೆ ಶುರು ಮಾಡಿ ಎಂದೆ.

“ಹೋಗಿಲ್ರಿ,” ಅಂದರು.

ಒಳಗೆ ಹೋಗಿ ಮಗಳ ಹಳೆಯ ಶಾಲೆ ನೋಟ್‌ಬುಕ್ ತಂದರು. ಅರ್ಧ ಲೆಕ್ಕದ ಪಾಠ. ಅಲ್ಲಿಂದ ಮುಂದೆ ದಿನದ ಕೆಳಗೆ ದಿನ, ಒಂದೂ ಬಿಡದೆ ಅಂಕಿಗಳು. ಮಳೆ ಇಲ್ಲದ ದಿನ ಸೊನ್ನೆ. ಅಂದು ಬೆಳಿಗ್ಗೆ ಎಂಟೂವರೆಯದೂ ಇತ್ತು, ನಾಲ್ಕು ಸಲ ಅಳೆದು ಕೂಡಿಸಿದ್ದು.

“ನಿಲ್ಲಸು ಅಂತ ಕಾಗದ ಬಂದಿತ್ತಲ್ರಿ?” ಎಂದು ಕೇಳಿದೆ.

“ಬಂದಿತ್ರಿ. ಕಚೇರಿ ಪುಸ್ತಕ ನಿಮಗ ಕೊಟ್ಟೆ. ಆದ್ರ ಮಳಿ ನಿಂದರಲಿಲ್ಲಲ್ರಿ. ಒಂದು ಮನಿ ಖಾಲಿ ಬಿಟ್ರ ಹಿಂದಿಂದು ಮುಂದಿಂದು ಎಲ್ಲಾ ಹಾಳಾಗ್ತೈತಿ ಅಂತ ಹಿಂದಿದ್ದ ಸಾಹೇಬ್ರು ಹೇಳಿಕೊಟ್ಟಿದ್ರು. ಮಳಿ ಇಲ್ಲಂದ್ರ ಸೊನ್ನಿ ಬರಿ, ಖಾಲಿ ಮಾತ್ರ ಬಿಡಬ್ಯಾಡ ಅಂತ.”

ಪುಸ್ತಕ ತಿರುವುತ್ತ ಹೋದೆ. ಪ್ರತಿ ದಿನದ ಮುಂದೆ ಒಂದರ ಬದಲು ಎರಡು ಅಂಕಿಗಳಿದ್ದವು. ಎರಡನೆಯದು ಮೊದಲನೆಯದರ ಸರಿಯಾಗಿ ಎರಡರಷ್ಟು.

“ಇದು ಯಾಕ್ರಿ ಎರಡು?”

ಅವರು ಸ್ವಲ್ಪ ನಾಚಿಕೊಂಡ ಹಾಗೆ ತಲೆ ತಗ್ಗಿಸಿದರು.

“ಒಂದು ಗಾಜಿನಾಗ ಕಂಡಿದ್ರಿ. ಇನ್ನೊಂದು ನಾನ ಗುಣಿಸಿದ್ದು. ನಿಮ್ಮ ಯಂತ್ರಕ್ಕ ಮರತರ ಇರ್ಲಿ ಅಂತ್ರಿ.”